ಸಿ.ಡಿ.ಯ ಮುಖಕ್ಕೆ ವಿಭೂತಿ

ಕುಷ್ಟಗಿಯಲ್ಲಿ ನಾನು ಮೂವತ್ತೊಂದು ವರ್ಷ ಗುಮಾಸ್ತಗಿರಿ ಮಾಡಿದ ಕಚೇರಿ ಯಾವ ಇಲಾಖೆಗೆ ಸೇರಿದ್ದು ಎಂದು ಹೇಳುವುದಿಲ್ಲ. ಇಲಾಖೆಯ ಮಾನ ಹೋದೀತು ಎಂಬ ಕಾಳಜಿ ನನಗಿಲ್ಲ; ಇಲ್ಲದ್ದು ಹೋಗುವುದು ಹೇಗೆ? ನನ್ನ ಪಿಂಚಣಿಯ ಕಾಗದ ಇನ್ನೂ ಅಲ್ಲೇ ಯಾರದೋ ಟೇಬಲ್ಲಿನ ಮೇಲೆ ಬಿದ್ದಿದೆ, ಅಷ್ಟೆ.

ಆ ಕಚೇರಿಯಲ್ಲಿ ವಿಭೂತಿ ಹಚ್ಚದ ವಸ್ತು ಒಂದೂ ಇರಲಿಲ್ಲ. ಕಪಾಟಿಗೆ ವಿಭೂತಿ, ಫ್ಯಾನಿನ ರೆಕ್ಕೆಗೆ ವಿಭೂತಿ, ಫೋನಿಗೆ, ಸ್ಟೇಪ್ಲರಿಗೆ, ಜೀಪಿನ ಬಾನೆಟ್ಟಿಗೆ, ಒಮ್ಮೆ ಹೊಸ ಕಸಬರಿಗೆಗೂ. ಹೊಸದಾಗಿ ಏನೇ ಬರಲಿ, ನಮ್ಮ ಜವಾನ ಅಂದಪ್ಪ ಮೂರು ಬೆರಳನ್ನು ಒದ್ದೆ ವಿಭೂತಿಯಲ್ಲಿ ಅದ್ದಿ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ಊದುಬತ್ತಿ ಬೆಳಗಿದ ಮೇಲೆಯೇ ಅದಕ್ಕೆ ನೌಕರಿ ಶುರು. ಹಚ್ಚದೆ ಚಾಲೂ ಮಾಡಿದ್ದು ಒಂದೇ ಒಂದು, ಹಿತ್ತಲಿನ ಪಂಪು. ಅದು ಮೂರನೆಯ ದಿನ ಸುಟ್ಟುಹೋಯಿತು. ಅಂದಿನಿಂದ ಈ ವಿಷಯದಲ್ಲಿ ಚರ್ಚೆ ಇರಲಿಲ್ಲ.

ಎರಡು ಸಾವಿರದ ಎಂಟರ ಶ್ರಾವಣದ ಮಾತು. ಕಥೆಯ ನಾಯಕ ಕೊಟ್ರೇಶ. ನಾಯಕ ಎನ್ನುವುದು ಅವನಿಗೆ ಹೆಚ್ಚಾಯಿತು, ಆದರೆ ನಮ್ಮಲ್ಲಿ ಇದ್ದುದರಲ್ಲಿ ಅವನೇ. ತೊಂಬತ್ತೇಳರಲ್ಲಿ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ನಡೆಸಲು ಬಂದವನು. ಕಂಪ್ಯೂಟರನ್ನು ದಾಸ್ತಾನು ಪುಸ್ತಕದಲ್ಲಿ ಕಾಯಂ ಆಸ್ತಿ ಎಂದು ಬರೆದುಕೊಂಡೆವು; ಅವನನ್ನು ದಿನಗೂಲಿ ಎಂದು ಬರೆದುಕೊಂಡೆವು. ಹನ್ನೊಂದು ವರ್ಷದಲ್ಲಿ ಕಂಪ್ಯೂಟರ್ ಎರಡು ಸಲ ಬದಲಾಯಿತು. ಕೊಟ್ರೇಶ ದಿನಗೂಲಿಯಾಗಿಯೇ ಉಳಿದ.

ಅವನ ಹಾಗೆ ಹದಿನಾಲ್ಕು ಮಂದಿ ಇದ್ದರು. ಎಲ್ಲರಿಗಿಂತ ಹಳಬಳು ಮಾರೆವ್ವ, ಕಸ ಗುಡಿಸುವವಳು. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ನಮಗಿಂತ ಮೊದಲು ಬಂದು, ನಾವು ಬರುವ ಹೊತ್ತಿಗೆ ಕಚೇರಿ ಕಚೇರಿಯ ಹಾಗೆ ಕಾಣುವಂತೆ ಮಾಡಿ ಇಡುತ್ತಿದ್ದಳು. ಅದನ್ನು ಹಾಳು ಮಾಡುವುದು ನಮ್ಮ ಕೆಲಸ, ಅದಕ್ಕೆ ನಮ್ಮದು ಕಾಯಂ ನೌಕರಿ.

ಆ ಬೇಸಿಗೆಯಲ್ಲಿ ಒಂದು ಸುತ್ತೋಲೆ ಬಂತು. ಹತ್ತು ವರ್ಷ ತುಂಬಿದ ದಿನಗೂಲಿ ನೌಕರರ ಹಾಜರಿಯ ವಿವರ ಆಗಸ್ಟ್ ಕೊನೆಯೊಳಗೆ ಕೊಪ್ಪಳದ ಜಿಲ್ಲಾ ಕಚೇರಿಗೆ ಮುಟ್ಟಬೇಕು, ಅಂಥವರನ್ನು ಕಾಯಂ ಮಾಡುವ ಬಗ್ಗೆ ಪರಿಶೀಲಿಸಲಾಗುವುದು. ನಮಗೇನೂ ಚಿಂತೆ ಇರಲಿಲ್ಲ. ಕೊಟ್ರೇಶ ಎರಡು ವರ್ಷ ಕೂತು, ಗೆದ್ದಲು ಹಿಡಿದ ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಒಂದೊಂದು ದಿನವೂ ಬಿಡದೆ ಕಂಪ್ಯೂಟರಿಗೆ ಏರಿಸಿದ್ದ. ಏರಿಸಿದ ಮೇಲೆ ಆ ಪುಸ್ತಕಗಳನ್ನು ರದ್ದಿಗೆ ಹಾಕಲಾಯಿತು. "ಸದರಿ ವಿವರಗಳು ಕಂಪ್ಯೂಟರಿನಲ್ಲಿ ಭದ್ರವಾಗಿರುತ್ತವೆ" ಎಂದು ಟಿಪ್ಪಣಿ ಬರೆದು ಸಹಿ ಹಾಕಿದವನು ನಾನು, ಗವಿಸಿದ್ದಪ್ಪ, ಪ್ರಥಮ ದರ್ಜೆ ಸಹಾಯಕ. ಇನ್ನು ಪ್ರಿಂಟ್ ತೆಗೆಯುವುದೊಂದೇ ಬಾಕಿ. ಪ್ರಿಂಟರಿಗೆ ರಿಬ್ಬನ್ ಬೇಕೆಂದು ಕೊಪ್ಪಳಕ್ಕೆ ಬರೆದು ಏಳು ತಿಂಗಳಾಗಿತ್ತು.

ಟೈಪು ಮುಗಿದ ದಿನ ಕೊಟ್ರೇಶ ಮಾರೆವ್ವಳನ್ನು ಕರೆದು ಪರದೆ ತೋರಿಸಿದ್ದ.

"ನೋಡಬೇ, ಇದು ನಿನ್ನ ಹೆಸರು. ಮೊದಲನೇ ನಂಬರಿಗೆ ಐತಿ. ಇದು ನೀ ಬಂದ ತಾರೀಖು."

ಮಾರೆವ್ವ ಸೆರಗಿಗೆ ಕೈ ಒರೆಸಿಕೊಂಡು ಪರದೆಯ ಮೇಲೆ ಬೆರಳಿಟ್ಟಳು. "ಹತ್ತೊಂಬತ್ತು ವರ್ಷ ಇಷ್ಟರಾಗ ಹಿಡಿಸಿತೇನಪಾ?" ಎಂದಳು. ಆಮೇಲೆ ದಿನಾ ಆ ಪರದೆಯನ್ನು ಎರಡೆರಡು ಸಲ ಒರೆಸತೊಡಗಿದಳು.

ಅಷ್ಟರಲ್ಲಿ ಹೊಸ ಸಾಹೇಬರು ಬಂದರು. ಗೋವಿಂದರಾಜ ಸಾಹೇಬರು. ಅವರು ವರ್ಗಾವಣೆ ಆದೇಶ ಹಿಡಿದುಕೊಂಡು ಬಂದರೆ, ಹಳೆಯ ಸಾಹೇಬರು ತಡೆಯಾಜ್ಞೆ ಹಿಡಿದುಕೊಂಡು ಕುರ್ಚಿ ಬಿಡಲಿಲ್ಲ. ನಲವತ್ತು ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಒಬ್ಬರ ಸಹಿಯ ಮೇಲೆ ಇನ್ನೊಬ್ಬರು ಸಹಿ ಹಾಕಿದರು. ಕೊನೆಗೆ ಗೋವಿಂದರಾಜರು ಗೆದ್ದರು. ಗೆದ್ದ ಮೇಲೆ ಹಳೆಯದು ಎಂಬ ಮಾತು ಕಿವಿಗೆ ಬಿದ್ದರೇ ಸಿಡಿಮಿಡಿ.

ಅವರು ಗೆದ್ದ ವಾರವೇ ಇನ್ನೊಂದು ಸುತ್ತೋಲೆ: ಕಚೇರಿಗಳಲ್ಲಿ ಕಳುವಿನ ಸಾಫ್ಟ್‌ವೇರ್ ಬಳಸುವಂತಿಲ್ಲ, ತಪಾಸಣೆ ಆಗುತ್ತದೆ. ಸಾಹೇಬರು ಕೊಟ್ರೇಶನನ್ನು ಕರೆಸಿದರು.

"ನಮ್ಮದು ಕಳುವಿನ ಮಾಲೇನು?"

"ಎಲ್ಲಾ ಆಫೀಸ್‌ನಾಗೂ ಅದ ಐತ್ರಿ ಸರ."

"ಎಲ್ಲಾರೂ ಜೇಲಿಗೆ ಹೋಗ್ಲಿ. ನಾ ಯಾಕ ಹೋಗ್ಲಿ?"

ಇಲ್ಲಿ ಕೊಟ್ರೇಶ ಸುಮ್ಮನಿದ್ದಿದ್ದರೆ ಕಥೆ ಇರಲಿಲ್ಲ. "ಈ ಕಳುವಿನದರ ಬದ್ಲಿ ಲಿನಕ್ಸ್ ಹಾಕಿದ್ರ ಆತ್ರಿ ಸರ. ಪುಕ್ಕಟೆ, ಕಾಯ್ದೆಶೀರ. ನನಗ ಬರ್ತೈತಿ" ಎಂದುಬಿಟ್ಟ.

ಬರುತ್ತಿದ್ದುದು ಇಷ್ಟೇ: ಎರಡು ತಿಂಗಳ ಹಿಂದೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಅವನು ಯಾವುದೋ ಪುಟದಲ್ಲಿ ತನ್ನ ವಿಳಾಸ ತುಂಬಿದ್ದ. ಅದಕ್ಕೆ ಪರದೇಶದಿಂದ ಅಂಚೆಯಲ್ಲಿ ಲಿನಕ್ಸಿನ ಒಂದು ಸಿ.ಡಿ. ಪುಕ್ಕಟೆ ಬಂದಿತ್ತು. ಪೋಸ್ಟ್‌ಮನ್ ಆ ಲಕೋಟೆಯನ್ನು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದಿದ್ದ. ಕೊಟ್ರೇಶನ ಹೆಂಡತಿ ಲಲಿತಾ ಅದನ್ನು ಶೋಕೇಸಿನಲ್ಲಿ ಹಿತ್ತಾಳೆ ತಂಬಿಗೆಗೆ ಒರಗಿಸಿ ಇಟ್ಟಿದ್ದಳು. ಎದುರು ಮನೆಯ ಪಾರ್ವತೆಮ್ಮ ಬಂದು, "ನಿನ್ನ ಗಂಡಗ ಪರದೇಶದಾಗ ಏನರ ಸಂಬಂಧ ಐತೇನ ಲಲಿತಾ?" ಎಂದು ಕೇಳಿದಾಗ ಲಲಿತಾ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಸಾಹೇಬರಿಗೆ ಪುಕ್ಕಟೆ ಎಂಬ ಮಾತು ಹಿಡಿಸಿತು. "ಹಾಕು. ಪಟ್ಟಿ ಕಳಸೋ ಮುಂದ ನಿನ್ನ ಸಲುವಾಗಿ ಬ್ಯಾರೆ ಶಿಫಾರಸು ಬರೀತೀನಿ" ಎಂದರು. ಆ ಮಾತು ಸಂಜೆಯೊಳಗೆ ಲಲಿತಾಳಿಗೂ, ಮರುದಿನ ಬೆಳಿಗ್ಗೆಯೊಳಗೆ ಯಲಬುರ್ಗಿಯಲ್ಲಿದ್ದ ಅವಳ ಸೋದರಮಾವನಿಗೂ ಮುಟ್ಟಿತು. ಕೊಟ್ರೇಶ ಕಾಯಂ ಆದ ಎಂದೇ ಬೀಗರಲ್ಲಿ ಸುದ್ದಿ.

ಶ್ರಾವಣದ ಮೊದಲ ಸೋಮವಾರ, ರಾಹುಕಾಲ ಕಳೆದ ಮೇಲೆ, ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಕೊಟ್ರೇಶ ಲಕೋಟೆಯಿಂದ ಸಿ.ಡಿ. ತೆಗೆದ. ಅಂದಪ್ಪ ತಾಟು ಹಿಡಿದು ಬಂದ. ತಾಟು ಹಿಡಿದವನು ಹಾಗೇ ನಿಂತ.

"ಇದರದು ಯಾವ ಕಡೆ ಮುಖಾರೀ?"

ಎಲ್ಲರೂ ನೋಡಿದೆವು. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಹೊಳಪು. "ಅಕ್ಷರ ಇರೋ ಕಡೆ ಮುಖ ಅಲ್ಲೇನು?" ಎಂದರು ಸಾಹೇಬರು. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಹಿರಿಯ ನೌಕರ ನಾನು, ಇಂಥ ಪ್ರಸಂಗದಲ್ಲಿ ತೀರ್ಪು ಕೊಡುವುದು ನನ್ನ ಪಾಲಿಗೇ ಬರುತ್ತಿತ್ತು.

"ಇಲ್ರಿ ಸರ. ಲಾರಿ ಮ್ಯಾಲ ಬರದಿರೋದು ಹಿಂದಿನ ಕಡೆ. ಅಕ್ಷರ ಇರೋದು ಬೆನ್ನು. ಇದು ನೋಡ್ರಿ, ಕನ್ನಡಿ ಹಂಗ ಹೊಳೀತೈತಿ. ಹೊಳಿಯೂದ ಮುಖ."

ಕೊಟ್ರೇಶ ಏನೋ ಹೇಳಲು ಬಾಯಿ ತೆರೆದ. ದಿನಗೂಲಿಯವನು ಕಾಯಂ ನೌಕರನಿಗೆ ಶಾಸ್ತ್ರದ ವಿಷಯದಲ್ಲಿ ತಿದ್ದುವ ಪದ್ಧತಿ ನಮ್ಮಲ್ಲಿರಲಿಲ್ಲ. ಬಾಯಿ ಮುಚ್ಚಿಕೊಂಡ. ಅಂದಪ್ಪ ಹೊಳೆಯುವ ಮುಖಕ್ಕೆ ಮೂರು ಬೆರಳು ಎಳೆದ. "ನಡುವಿನ ತೂತಿಗೆ ಹತ್ತಸಬ್ಯಾಡ, ಅಂಚಿಗೆ ಎಳಿ" ಎಂದು ನಾನೇ ಜಾಗ್ರತೆ ಹೇಳಿದೆ. ವಿಭೂತಿ ಒಣಗುವ ತನಕ ಕಾದು, ಕೊಟ್ರೇಶ ಸಿ.ಡಿ.ಯನ್ನು ಮುಖ ಕೆಳಗೆ ಮಾಡಿ ಒಳಗೆ ಹಾಕಿದ.

ಏನಾಗಿರಬೇಕು ಎಂದು ಓದುತ್ತಿರುವ ನಿಮಗೆ ಈಗಲೇ ತಿಳಿದಿದೆ. ನಮಗೆ ತಿಳಿಯಲು ಇಪ್ಪತ್ತಮೂರು ದಿನ ಬೇಕಾಯಿತು. ನೀವು ನಮಗಿಂತ ಜಾಣರು ಎಂದು ಹಿಗ್ಗಬೇಡಿ; ಎಲ್ಲೆಲ್ಲೂ ವಿಭೂತಿ ಇರುವ ಕಡೆ ವಿಭೂತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಪರದೆಯ ಮೇಲೆ ಬಣ್ಣ ಬಂತು. ಕೊಟ್ರೇಶ ಒಂದೊಂದೇ ಗುಂಡಿ ಒತ್ತುತ್ತ ಹೋದ. ಒಂದು ಕಡೆ ನಿಂತು ಓದಿ, ತಿರುಗಿ ಕೇಳಿದ:

"ಸರ, ಹಳೇದರ ಪಕ್ಕದಾಗ ಇದನ್ನ ಇಡ್ಲೋ, ಹಳೇದು ಪೂರಾ ತಗದು ಇದನ್ನ ಹಾಕ್ಲೋ ಅಂತ ಕೇಳತೈತ್ರಿ."

ಸಾಹೇಬರ ಮುಖ ಕೆಂಪಾಯಿತು. "ಪಕ್ಕದಾಗ ಇಡೋದು ಅಂದ್ರ? ಒಂದು ರೂಮಿನಾಗ ಇಬ್ರು ಸಾಹೇಬ್ರು ಕುಂತಂಗ? ನಲವತ್ತು ದಿನ ಅನುಭವಿಸೀನಿ ನಾ. ತಗಿ ಹಳೇದು!"

"ಪಟ್ಟಿಗೆ ಏನೂ ಆಗಂಗಿಲ್ಲಲ್ಲೋ ತಮ್ಮಾ?" ಎಂದು ನಾನು ಕೇಳಿದೆ. ಕೇಳಿದ್ದು ನಿಜ, ಆ ಪುಣ್ಯವಾದರೂ ನನ್ನ ಪಾಲಿಗಿರಲಿ.

"ಪಟ್ಟಿ ಡಿ ಡ್ರೈವ್‌ನಾಗ ಐತ್ರಿ ಅಣ್ಣಾರ. ಅದು ಬ್ಯಾರೆ ಮನಿ ಇದ್ದಂಗ. ಅಲ್ಲಿಗೆ ಇದು ಹೋಗಂಗಿಲ್ಲ." ಕಂಪ್ಯೂಟರ್ ಕ್ಲಾಸಿನಲ್ಲಿ ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಪೂರಾ ಎಂದರೆ ಪೂರಾ ಎಂದು ಅಲ್ಲಿ ಹೇಳಿಕೊಟ್ಟಿರಲಿಲ್ಲ. ಒತ್ತಿದ.

ಪಟ್ಟೆಯೊಂದು, ನೂರಕ್ಕೆ ಎಷ್ಟಾಯಿತು ಎಂಬ ಲೆಕ್ಕ ತೋರಿಸುತ್ತ, ಎಡದಿಂದ ಬಲಕ್ಕೆ ತುಂಬತೊಡಗಿತು. ಹತ್ತು, ಇಪ್ಪತ್ತು, ಮೂವತ್ತು. ಮೂವತ್ತೇಳಕ್ಕೆ ಬಂದು ನಿಂತಿತು. ಸಿ.ಡಿ. ಹಾಕಿದ ಜಾಗದಿಂದ ಗೊರ್ರ್ ಗೊರ್ರ್ ಎಂದು ಸದ್ದು.

"ಯಾಕ ನಿಂತಿತು?"

"ದಮ್ಮು ತಗೊಳ್ಳಾಕತ್ತೈತ್ರಿ ಸರ."

ಹಂಚಿದ ಪೇಡೆ ತಿಂದು ಮುಗಿಸಿದರೂ ಅದರ ದಮ್ಮು ಮುಗಿಯಲಿಲ್ಲ. ಸಂಜೆಯೊಳಗೆ ನಾಲ್ಕು ಸಲ ಮೊದಲಿನಿಂದ ಮಾಡಿದ. ನಾಲ್ಕು ಸಲವೂ ಮೂವತ್ತೇಳು. ಲಿನಕ್ಸ್ ಬರಲಿಲ್ಲ, ಹಳೆಯದು ಇರಲಿಲ್ಲ. ಡಿ ಡ್ರೈವನ್ನು ಹುಡುಕಿದ. ಅದೂ ಇರಲಿಲ್ಲ.

"ಪಟ್ಟಿ?" ಎಂದೆ.

"ಇರ್ತೈತ್ರಿ ಅಣ್ಣಾರ. ಒಳಗ ಎಲ್ಲೋ ಇರ್ತೈತಿ."

ಮರುದಿನದಿಂದ ಕುಷ್ಟಗಿಯ ಬುದ್ಧಿವಂತರೆಲ್ಲ ನಮ್ಮ ಕಚೇರಿಗೆ ಬಂದರು. ಮೊದಲು ಬಂದವನು ಟಿ.ವಿ., ಮಿಕ್ಸರ್ ರಿಪೇರಿಯ ಯಂಕೇಶ. ಡಬ್ಬಿ ಬಿಚ್ಚಿ, ಒಳಗಿನ ಹಸಿರು ಬಿಲ್ಲೆಯೊಂದನ್ನು ಕಿತ್ತು, ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ ತಿಕ್ಕಿ ಹಾಕಿದ. "ಧೂಳಾರೀ. ಧೂಳ ಇದ್ರ ಯಾವುದೂ ನಡಿಯಂಗಿಲ್ಲ" ಎಂದ. ಫ್ಯಾನು ಒರೆಸಿದ, ವೈರು ಒರೆಸಿದ, ಕೀಲಿಮಣೆ ತಿರುವಿ ಬಡಿದ. ಒಳಗಿನಿಂದ ಅರ್ಧ ಚಕ್ಕುಲಿ ಬಿತ್ತು. ಇಡೀ ಯಂತ್ರದಲ್ಲಿ ಒರೆಸದೆ ಬಿಟ್ಟದ್ದು ಸಿ.ಡಿ. ಒಂದನ್ನೇ, ಏಕೆಂದರೆ ಅದನ್ನು ಕೊಟ್ರೇಶ ಭಕ್ತಿಯಿಂದ ಗೋಡೆಯ ದೇವರ ಪಟದ ಮುಂದೆ, ಹೊಳೆಯುವ ಮುಖ ಮೇಲೆ ಮಾಡಿ ಇಟ್ಟಿದ್ದ. ಯಂಕೇಶ ಅದಕ್ಕೆ ಕೈ ಮುಗಿದ. ಮತ್ತೆ ಹಾಕಿದರು. ಮೂವತ್ತೇಳು.

ಎರಡನೆಯವರು ಲಲಿತಾಳ ಸೋದರಮಾವ. ಯಲಬುರ್ಗಿಯಿಂದ ಮೊದಲ ಬಸ್ಸಿಗೆ ಬಂದವರು, ಬಾಗಿಲಲ್ಲೇ ನಿಂತು ತಲೆಯಾಡಿಸಿದರು. "ದಕ್ಷಿಣಕ್ಕ ಮುಖ ಮಾಡಿ ಇಟ್ಟೀರಲ್ರೀ! ಹೆಂಗ ನಡೀಬೇಕದು?" ಟೇಬಲ್ ತಿರುಗಿಸಿದೆವು. ವೈರು ಎಟಕಲಿಲ್ಲ, ಪ್ಲಗ್ ಪಾಯಿಂಟನ್ನು ಬೇರೆ ಗೋಡೆಗೆ ತಂದೆವು. ಮೂವತ್ತೇಳು. ಪೂರ್ವಕ್ಕೆ ತಿರುಗಿದ ಮೇಲೂ ಅದೇ ಎಂದಾಗ ಮಾವ, "ಇದು ಯಂತ್ರದ ದೋಷ ಅಲ್ಲ, ಹುಡುಗನ ಗ್ರಹಚಾರ" ಎಂದು ಊಟ ಮಾಡಿ ಹೊರಟುಹೋದರು. ಬೀಗರಲ್ಲಿ ಕಾಯಂ ಸುದ್ದಿ ಅದೇ ಬಸ್ಸಿನಲ್ಲಿ ವಾಪಸ್ಸಾಯಿತು.

ಓಣಿಯಲ್ಲಿ ಕೊಟ್ರೇಶನ ಹೆಸರೇ ಮೂವತ್ತೇಳು ಎಂದಾಯಿತು. ಪಾರ್ವತೆಮ್ಮ ಲಲಿತಾಳನ್ನು ಕರೆದು, ನಿಮ್ಮ ಪರದೇಶದ ಸಂಬಂಧ ಎಲ್ಲಿಗೆ ಬಂತು ಎಂದು ಕೇಳಿದಳಂತೆ. ಒಂದು ಮಧ್ಯಾಹ್ನ ಲಲಿತಾ ಬುತ್ತಿ ಹಿಡಿದು ಕಚೇರಿಗೆ ಬಂದಳು.

"ಅಣ್ಣಾರ, ಇವರು ಊಟ ಬಿಟ್ಟಾರ್ರಿ. ಗಂಗಾಳದ ಮುಂದ ಕುಂತು ಮೂವತ್ತೇಳು ಮೂವತ್ತೇಳು ಅಂತಾರ. ಹನ್ನೊಂದು ವರ್ಷ ಇವತ್ತು ಆಗತೈತಿ ನಾಳೆ ಆಗತೈತಿ ಅಂತ ದಬ್ಬೀವ್ರಿ. ಆ ಪಟ್ಟಿ ಒಂದು ಹೋದ್ರ ನಾವು ಯಾರೂ ಅಲ್ಲಲ್ರೀ?"

ಹೌದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಪುಸ್ತಕ ರದ್ದಿಗೆ ಹಾಕಿದ ಸಹಿ ನನ್ನದಲ್ಲವೆ? ಮಾರೆವ್ವ ಮಾತ್ರ ಗಾಬರಿ ಬಿದ್ದಿರಲಿಲ್ಲ. ಕಪ್ಪು ಪರದೆಯನ್ನು ಒರೆಸುತ್ತ, "ಒಳಗ ಹೊಕ್ಕೊಂಡು ಕುಂತೈತಿ ಬಿಡಪಾ, ಬರ್ತೈತಿ" ಎಂದು ಅವಳೇ ಕೊಟ್ರೇಶನಿಗೆ ಸಮಾಧಾನ ಹೇಳುತ್ತಿದ್ದಳು.

ಹನ್ನೊಂದು ಸಲ ಮೂವತ್ತೇಳಕ್ಕೆ ನಿಂತ ಮೇಲೆ ಕೊಟ್ರೇಶ ಒಂದು ದಿನ ರಜೆ ಹಾಕಿ ಗಂಗಾವತಿಗೆ ಹೋದ. ಅಲ್ಲಿ ಅಕ್ಕಿ ಗಿರಣಿಗಳ ಓಣಿಯಲ್ಲಿ ಶಹನಾಜಬೇಗಂ ಎಂಬ ಹೆಣ್ಣುಮಗಳು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಗಿರಣಿಗಳವರ ಅಳಿದುಹೋದ ಫೈಲುಗಳನ್ನು ಹುಡುಕಿ ತೆಗೆಯುವುದರಲ್ಲಿ ಹೆಸರಾದವಳು. ಈ ಇಡೀ ಕಥೆಯಲ್ಲಿ ತನ್ನ ಕೆಲಸ ಗೊತ್ತಿದ್ದವಳು ಅವಳೊಬ್ಬಳೇ. ಕೊಟ್ರೇಶ ಅವಳ ಮಾತನ್ನು ನನಗೆ ಅಕ್ಷರ ಬಿಡದೆ ಒಪ್ಪಿಸಿದ.

"ಭಾಯ್, ನೀವು ಮನಿ ಬಾಗಿಲಿನ ಹೆಸರಿನ ಪಾಟಿ ಅಷ್ಟ ಕಿತ್ತೀರಿ. ಒಳಗಿನ ಸಾಮಾನು ಭಾಳಷ್ಟು ಅಲ್ಲೇ ಐತಿ. ಆ ಸಿ.ಡಿ. ಮೂವತ್ತೇಳರ ತನಕ ಎಷ್ಟು ಬರದೈತೋ ಅಷ್ಟು ಹೋತು. ಅದರಿಂದ ಆಚೆ ಇದ್ದಿದ್ದು ನಾ ತಗದು ಕೊಡ್ತೀನಿ. ಡಿಸ್ಕ್ ಅಷ್ಟ ಬಿಚ್ಚಿ ತರ್ರಿ. ಖರೆ, ಇನ್ನೊಮ್ಮಿ ಆ ಸಿ.ಡಿ. ಹಾಕಿ ಅದು ಪೂರಾ ಆತು ಅಂದ್ರ, ನನ್ನ ಕಡೆ ಬರಬ್ಯಾಡ್ರಿ. ಬಂದ್ರೂ ಏನೂ ಉಳದಿರಂಗಿಲ್ಲ."

"ಆಗಲ್ರಿ ಅಕ್ಕಾರ."

"ಯಾಕ ನಿಲ್ಲತೈತೋ ನೋಡೋಣು, ಸಿ.ಡಿ. ತಂದೀರೇನು?"

"ಇಲ್ರಿ. ದೇವರ ಮುಂದ ಐತಿ."

ಶಹನಾಜಬೇಗಂ ಅವನಿಗೆ ಚಹಾ ತರಿಸಿ ಕುಡಿಸಿ ಕಳಿಸಿದಳಂತೆ.

ಮರುದಿನವೇ ಕೊಟ್ರೇಶ ಸ್ಕ್ರೂಡ್ರೈವರ್ ಹಿಡಿದು ಬಂದ. ಗೋವಿಂದರಾಜ ಸಾಹೇಬರು ಅಡ್ಡ ನಿಂತರು. "ಸರ್ಕಾರಿ ಆಸ್ತಿ. ತಾಲೂಕು ದಾಟಿಸಿ ಖಾಸಗಿಯವರ ಕೈಯಾಗ ಕೊಡೋದು? ನನ್ನ ನೌಕರಿ ತಗೀತಿ ಏನು? ಕೊಪ್ಪಳಕ್ಕ ಬರೀರಿ ಗವಿಸಿದ್ದಪ್ಪ." ಬರೆದೆ. ಎಂಟು ದಿನಕ್ಕೆ ಉತ್ತರ ಬಂತು: ಸದರಿ ಕಂಪ್ಯೂಟರ್ ಕೆಟ್ಟಿರುತ್ತದೆ ಎಂಬುದಕ್ಕೆ ಪುರಾವೆ ಏನು? ಇನ್ನೊಮ್ಮೆ ಬರೆದೆ: ಮೂವತ್ತೇಳಕ್ಕೆ ನಿಲ್ಲುತ್ತದೆ. ಅದಕ್ಕೂ ಉತ್ತರ ಬಂತು: ಕೆಟ್ಟಿರುವುದನ್ನು ಖುದ್ದಾಗಿ ಕಂಡು, ಪಂಚರ ಸಮಕ್ಷಮ ಪಂಚನಾಮೆ ಮಾಡಿದ ನಂತರವೇ ಹೊರಗೆ ಒಯ್ಯಲು ಅನುಮತಿ ನೀಡಲಾಗುವುದು. ಕೊಪ್ಪಳದ ದೊಡ್ಡ ಸಾಹೇಬರು ಬುಧವಾರ ತಾವೇ ಬರುತ್ತಾರೆ. ಪಟ್ಟಿಯ ಗಡುವಿಗೆ ಆಗ ನಾಲ್ಕೇ ದಿನ ಉಳಿದಿತ್ತು.

ಬುಧವಾರ ಬೆಳಿಗ್ಗೆ ಗೋವಿಂದರಾಜರು ಮಾರೆವ್ವಳನ್ನು ಕರೆದು, "ಆ ರೂಮಿನಾಗ ಒಂದೊಂದೂ ಹೊಳೀಬೇಕು ನೋಡು" ಎಂದರು. ದೊಡ್ಡ ಸಾಹೇಬರ ಸಹಿ ಬಿದ್ದರೆ ತನ್ನ ಹೆಸರು ವಾಪಸ್ ಬರುತ್ತದೆ ಎಂದು ಕೊಟ್ರೇಶ ಅವಳಿಗೆ ಹೇಳಿದ್ದ. ಮಾರೆವ್ವ ಅವತ್ತು ಗುಡಿಸಿದ ಹಾಗೆ ಹತ್ತೊಂಬತ್ತು ವರ್ಷದಲ್ಲಿ ಗುಡಿಸಿರಲಿಲ್ಲ. ಕಿಟಕಿಯ ಸರಳು ತೊಳೆದಳು, ಟೇಬಲ್ಲಿನ ಕಾಲು ತೊಳೆದಳು, ದೇವರ ಪಟದ ಗಾಜು ಒರೆಸಿದಳು.

ಹತ್ತೂವರೆಗೆ ಜೀಪು ಬಂತು. ದೊಡ್ಡ ಸಾಹೇಬರು ಕುರ್ಚಿಯಲ್ಲಿ ಕೂತರು. ಪಂಚರಾಗಿ ಯಂಕೇಶ, ಅಂದಪ್ಪ. ಬರೆಯಲು ನಾನು.

"ಹಾಂ, ನಡಸ್ರಿ. ಕೆಟ್ಟದ್ದು ತೋರಸ್ರಿ."

ಕೊಟ್ರೇಶ ಕೈ ಮುಗಿದ. "ಸರ, ಅದನ್ನ ಮತ್ತ ಹಚ್ಚಬಾರ್ದಂತ ಗಂಗಾವತಿಯಾಗ ಹೇಳ್ಯಾರ್ರಿ. ಪೂರಾ ಆದ್ರ ಪಟ್ಟಿ ಹೋಗತೈತಂತ."

"ಪೂರಾ ಆಗತೈತೋ, ಕೆಟ್ಟೈತೋ? ಒಂದ ಹೇಳು."

"ಕೆಟ್ಟೈತ್ರಿ. ಮೂವತ್ತೇಳಕ್ಕ ನಿಲ್ಲತೈತಿ."

"ನಿಲ್ಲೂದನ್ನ ನೋಡಲಾರ್ದ ನಿಲ್ಲತೈತಿ ಅಂತ ಹೆಂಗ ಸಹಿ ಮಾಡ್ಲಿ?"

ಕೊಟ್ರೇಶ ಯೋಚಿಸಿದ. ಹನ್ನೊಂದು ಸಲ ನಿಂತದ್ದು ಹನ್ನೆರಡನೆಯ ಸಲವೂ ನಿಲ್ಲುತ್ತದೆ. ಮೂವತ್ತೇಳರ ತನಕ ಹೋದದ್ದು ಹೇಗೂ ಹೋಗಿದೆ, ಹೊಸದಾಗಿ ಹೋಗುವುದು ಏನಿದೆ? ಸರಿ ಎಂದ. ಪಂಚನಾಮೆಯ ನಿಯಮದಂತೆ ದೊಡ್ಡ ಸಾಹೇಬರೇ ದೇವರ ಪಟದ ಮುಂದಿನಿಂದ ಸಿ.ಡಿ. ಎತ್ತಿ, ಸ್ವಂತ ಕೈಯಿಂದ ಒಳಗೆ ಹಾಕಿದರು.

ಹತ್ತು. ಇಪ್ಪತ್ತು. ಮೂವತ್ತು. "ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಯಂತ್ರವು ಮೂವತ್ತೇಳಕ್ಕೆ ಬಂದು ನಿಂತಿರುತ್ತದೆ" ಎಂದು ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ. ಮೂವತ್ತಾರು. ಮೂವತ್ತೇಳು.

ಮೂವತ್ತೆಂಟು.

ಗೊರ್ರ್ ಸದ್ದು ಬರಲಿಲ್ಲ. ನಲವತ್ತೊಂದು. ಕೊಟ್ರೇಶನ ಕೈ ಪ್ಲಗ್ಗಿನ ಕಡೆಗೆ ಹೋಯಿತು. ನಾನು ನೋಡಿದೆ, ಬೆರಳು ಸ್ವಿಚ್ಚಿಗೆ ತಗುಲಿತ್ತು. ಅಷ್ಟರಲ್ಲಿ ದೊಡ್ಡ ಸಾಹೇಬರು, "ಶಹಬ್ಬಾಸ್! ನಡೀತಲ್ಲೋ! ಯಾರು ಅಂದದ್ದು ಈ ಹುಡುಗಗ ಬರಂಗಿಲ್ಲಂತ?" ಎಂದರು. ಗೋವಿಂದರಾಜರು ಚಪ್ಪಾಳೆ ತಟ್ಟಿದರು, ಅಂದಪ್ಪ ತಟ್ಟಿದ, ಯಂಕೇಶ "ನಾನ ಧೂಳ ತಗದಿದ್ದೆ" ಎಂದ. ಇಪ್ಪತ್ತಮೂರು ದಿನ ಓಣಿಯಲ್ಲಿ ತಲೆ ಎತ್ತದವನು, ಹೆಸರೇ ಮೂವತ್ತೇಳು ಆಗಿದ್ದವನು. ಕೈ ಹಿಂದೆ ಬಂತು.

ಬೈಯುವವರು ಬೈಯಲಿ. ಸ್ವಿಚ್ಚು ನನ್ನ ಕೈಗೂ ಎಟಕುತ್ತಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ನೂರು ಆಯಿತು. ಪರದೆಯ ಮೇಲೆ ಚಂದದ ಬಣ್ಣ ಬಂತು, ಒಂದು ಮದ್ದಲೆಯ ಸದ್ದೂ ಬಂತು. ಒಳಗೆ ಸ್ವಚ್ಛ, ಖಾಲಿ, ಹೊಸದು. ಮಾರೆವ್ವ ಬಾಗಿಲಲ್ಲಿ ನಿಂತಿದ್ದಳು. ನಕ್ಕಳು.

"ಆ ಸಿ.ಡಿ. ಮಾರಿಗೆ ಬೂದಿ ಮೆತ್ತಿ ಒಣಗಿತ್ರಿ ಸಾಹೇಬ್ರ. ಹಳೇ ವಿಭೂತಿ ತಗದ್ರ ಹೊಸಾದು ಹಚ್ಚತಾರಂತ ನಾನ ಸೋಪಿನ ನೀರಾಗ ತೊಳದು ಒರಸಿ ಇಟ್ಟಿದ್ದೆ. ಅದಕ್ಕ ನಡೀತು ನೋಡ್ರಿ."

ಅಂದಪ್ಪ ನನ್ನನ್ನು ನೋಡಿದ. ನಾನು ಪಂಚನಾಮೆಯ ಕಾಗದ ನೋಡಿಕೊಂಡೆ. ಮಾರೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದು ಪರದೆಯ ಮುಂದೆ ಬೆರಳು ಹಿಡಿದಳು.

"ಈಗ ತೋರಸಪಾ. ಎಲ್ಲೈತಿ ನನ್ನ ಹೆಸರು?"

ಕೊಟ್ರೇಶ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ದೊಡ್ಡ ಸಾಹೇಬರ ಜೀಪಿನ ತನಕ ಓಡಿದ. "ಸರ, ಈಗರ ಡಿಸ್ಕ್ ಗಂಗಾವತಿಗೆ ಒಯ್ಯಾಕ ಸಹಿ ಮಾಡ್ರಿ ಸರ, ಏನರ ಚೂರು ಸಿಕ್ಕೀತು."

"ಯಾಕ?" ದೊಡ್ಡ ಸಾಹೇಬರಿಗೆ ನಿಜವಾಗಿಯೂ ಆಶ್ಚರ್ಯ. "ಯಂತ್ರ ಛಲೋ ಐತಂತ ಈಗರ ಪಂಚನಾಮೆ ಆತಲ್ಲ? ಕೆಡಲಾರದ ಯಂತ್ರ ರಿಪೇರಿಗೆ ಕಳಸಾಕ ಬರಂಗಿಲ್ಲ." ಜೀಪು ಹೋಯಿತು.

ಮರುವಾರ ಪ್ರಿಂಟರಿನ ರಿಬ್ಬನ್ ಬಂತು.

ಗಡುವಿನ ದಿನ ಕೊಪ್ಪಳಕ್ಕೆ ಉತ್ತರ ಬರೆದವನೂ ನಾನೇ: "ಈ ಕಚೇರಿಯಲ್ಲಿ ಲಭ್ಯವಿರುವ ದಾಖಲೆಗಳ ಪ್ರಕಾರ ಹತ್ತು ವರ್ಷ ತುಂಬಿದ ದಿನಗೂಲಿ ನೌಕರರು ಯಾರೂ ಇರುವುದಿಲ್ಲ." ಸುಳ್ಳಲ್ಲ. ದಾಖಲೆಯ ಪ್ರಕಾರ ಇರಲಿಲ್ಲ. ಕಂಪ್ಯೂಟರಿನಲ್ಲಿ ಹೊಸ ಪಟ್ಟಿ ಮಾಡುವಾಗ, ಹಾಜರಿ ಸಿಗುವುದು ಎಂದಿನಿಂದಲೋ ಅಂದಿನಿಂದಲೇ ಸೇವೆ ಎಂದು ಗೋವಿಂದರಾಜರು ಅಪ್ಪಣೆ ಮಾಡಿದರು. ಹದಿನಾಲ್ಕು ಮಂದಿಯೂ ಸೆಪ್ಟೆಂಬರ್ ಒಂದರಂದು ಕೆಲಸಕ್ಕೆ ಸೇರಿದರು. ಅಕ್ಷರಕ್ರಮದಲ್ಲಿ ಮಾರೆವ್ವ ಹತ್ತನೆಯವಳು.

ಕೊಟ್ರೇಶನಿಗೆ ಪ್ರಶಂಸಾ ಪತ್ರ ಬಂತು: ಜಿಲ್ಲೆಯಲ್ಲೇ ಮೊದಲು ಲಿನಕ್ಸ್ ಅಳವಡಿಸಿದ್ದಕ್ಕೆ. ಲಲಿತಾ ಅದನ್ನು ಶೋಕೇಸಿನಲ್ಲಿ ಇಡಲಿಲ್ಲ. ಓಣಿಯವರು ಬಂದು ಕೇಳಿದರೆ, ಇಲಿ ಕಡಿಯಿತು ಎನ್ನುತ್ತಿದ್ದಳು.

ಆಯುಧಪೂಜೆ ಬಂತು. ಕಚೇರಿಯಲ್ಲಿ ಪದ್ಧತಿಯಂತೆ ಎಲ್ಲಕ್ಕೂ ವಿಭೂತಿ. ಕಪಾಟಾಯಿತು, ಫ್ಯಾನಾಯಿತು, ಜೀಪಾಯಿತು. ಅಂದಪ್ಪ ತಾಟು ಹಿಡಿದು ಕಂಪ್ಯೂಟರಿನ ಹತ್ತಿರ ಬಂದು, ಯಾವ ಕಡೆ ಎಂದು ಕೇಳಲು ನನ್ನ ಕಡೆ ತಿರುಗಿದ. ನಾನು ಬಾಯಿ ಬಿಡಲಿಲ್ಲ. ಕೊಟ್ರೇಶ ಕಿಟಕಿಯ ಹೊರಗೆ ನೋಡುತ್ತಿದ್ದ.

ಮಾರೆವ್ವ ಕಸಬರಿಗೆ ಗೋಡೆಗೆ ಒರಗಿಸಿ ಬಂದಳು. ತಾಟಿನ ಮುಂದೆ ನಿಂತು ಹಣೆ ಮುಂದೆ ಮಾಡಿದಳು.

"ಅದಕ್ಕ ಯಾಕ? ಅದು ಹಳೇದಾತು. ನನಗ ಹಚ್ಚಪಾ ಅಂದಪ್ಪ. ಈ ಆಫೀಸಿಗೆ ಎಲ್ಲಾರಕಿಂತ ಹೊಸದಾಗಿ ಬಂದಾಕಿ ನಾನ ಅಲ್ಲೇನು?"

ನಗುತ್ತಾಳೇನೋ ಎಂದು ನೋಡಿದೆ. ನಗಲಿಲ್ಲ. ಅಂದಪ್ಪನ ಕೈ ಮೇಲೇಳಲಿಲ್ಲ. ಅವಳೇ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡಳು. ಸಾಹೇಬರು ಪೇಡೆಯ ಡಬ್ಬಿ ಮುಂದೆ ಹಿಡಿದು, ಕೂತು ತಿನ್ನು ಎಂದರು. ಮಾರೆವ್ವ ಆಗಲೇ ಕಸಬರಿಗೆ ಎತ್ತಿಕೊಂಡಿದ್ದಳು.

"ಬ್ಯಾಡ್ರಿ ಸಾಹೇಬ್ರ. ಬಂದು ಇನ್ನೂ ತಿಂಗಳೊಪ್ಪತ್ತಾತು. ಈಗ ಕುಂತ್ರ ಕೆಲಸದಿಂದ ತಗದೀರಿ."